ಎಸಿ ಗ್ಯಾಸ್ ತುಂಬೋ ಮುಂಚೆ ತೂತು ಹುಡುಕಿ

ಮಾನ್ಯ ಸಂಪಾದಕರೇ,

ಫೆಬ್ರವರಿ ಮುಗಿಯೋದೇ ತಡ, ನಮ್ಮ ಹಾಸನದ ವರ್ಕ್‌ಶಾಪುಗಳ ಮುಂದೆ 'ಕಾರ್ ಎಸಿ ಗ್ಯಾಸ್ ತುಂಬಲಾಗುತ್ತದೆ' ಅನ್ನೋ ಬೋರ್ಡುಗಳು ಹೊರಗೆ ಬರುತ್ತವೆ. ಅದನ್ನು ನೋಡಿದಾಗಲೆಲ್ಲ ನನಗೆ ಎಸಿಗೆ ಸುರಿದ 33,100 ರೂಪಾಯಿ ನೆನಪಾಗುತ್ತದೆ. ಯಾಕೆ ಅಂತ ಹೇಳೋಕೇ ಈ ಪತ್ರ. ಉದ್ದ ಆಯಿತು ಅನ್ನಿಸಿದರೆ ಕತ್ತರಿ ಹಾಕಿ, ಆದರೆ ವೈರಿನ ಕಥೆ ಮಾತ್ರ ಬಿಡಬೇಡಿ.

ನನ್ನದು 2010ರ ಸಣ್ಣ ಕಾರು. ಹದಿನೈದು ವರ್ಷ ತುಂಬಿತು, ಆರ್‌ಟಿಒಗೆ ಅಲೆದು ಇನ್ನೈದು ವರ್ಷಕ್ಕೆ ರಿಜಿಸ್ಟ್ರೇಷನ್ ಮಾಡಿಸಿಕೊಂಡು ಬಂದಿದ್ದೇನೆ. ಇಂಜಿನ್ ಇನ್ನೂ ಗಟ್ಟಿಯಾಗಿದೆ. ಬಡವರ ಊಟಿ ಅನ್ನಿಸಿಕೊಂಡ ಊರಲ್ಲಿ ಎಸಿ ಯಾಕ್ರೀ ನಿಮಗೆ ಅಂತ ಮನೆಯವಳು ಮೊದಲಿಂದಲೂ ಕೇಳುತ್ತಲೇ ಇದ್ದಾಳೆ. ಬೇಸಿಗೆಯ ಮಾತು ಬಿಡಿ. ಮಳೆಗಾಲದಲ್ಲಿ ಸಕಲೇಶಪುರ ದಾಟಿ ಶಿರಾಡಿ ಇಳಿದವರಿಗೆ ಗೊತ್ತು, ನಾಲ್ಕು ಜನ ಕೂತು ಗಾಜು ಏರಿಸಿದರೆ ಎರಡೇ ನಿಮಿಷಕ್ಕೆ ಒಳಗಡೆಯಿಂದ ಮಂಜು ಕಟ್ಟಿ ಮುಂದಿನ ಲಾರಿಯ ಕೆಂಪು ದೀಪವೂ ಕಾಣಿಸುವುದಿಲ್ಲ. ಎಸಿ ಹಾಕಿದರೆ ಗಾಳಿಯ ತೇವವನ್ನು ಕೂಲಿಂಗ್ ಕಾಯಿಲ್ ಹೀರಿಕೊಳ್ಳುತ್ತದೆ, ಗಾಜು ತಿಳಿಯಾಗುತ್ತದೆ. ನಮ್ಮ ಕಡೆ ಎಸಿ ಬೇಕಾಗೋದು ಅದಕ್ಕೆ.

ಹೋದ ವರ್ಷ ಏಪ್ರಿಲ್‌ನಲ್ಲಿ ತಣ್ಣಗಾಗೋದು ಕಮ್ಮಿ ಆಯಿತು. ಒಂದು ವರ್ಕ್‌ಶಾಪಿಗೆ ಹೋದೆ. 'ಗ್ಯಾಸ್ ಕಮ್ಮಿ ಆಗಿದೆ ಸಾರ್, ಹಳೇ ಗಾಡಿ ಅಲ್ವಾ, ಮಾಮೂಲು' ಅಂದರು. 1,800 ರೂಪಾಯಿ ಕೊಟ್ಟೆ, ಹಿಮ ಸುರಿದ ಹಾಗೆ ತಣ್ಣಗಾಯಿತು. ಇಪ್ಪತ್ತು ದಿನ ಅಷ್ಟೇ. ಜೂನ್‌ನಲ್ಲಿ ಇನ್ನೊಂದು ಕಡೆ ಹೋದೆ, ಮತ್ತೆ 1,800. ಎರಡು ಕಡೆಯೂ ಬಿಲ್ ಇಲ್ಲ, ಕೇಳಿದ್ದಕ್ಕೆ ಒಂದು ಕಡೆ ಕ್ಯಾಲೆಂಡರ್ ಹಾಳೆ ಹರಿದು ಹಿಂದೆ 1800 ಅಂತ ಬರೆದುಕೊಟ್ಟರು.

ಜುಲೈನಲ್ಲಿ ಧರ್ಮಸ್ಥಳಕ್ಕೆ ಹೊರಟಿದ್ದೆವು. ಮಾರನಹಳ್ಳಿ ದಾಟಿದ ಮೇಲೆ ಬೋನಟ್ ಒಳಗಿಂದ ಕೀಂ ಅಂತ ಒಂದು ಸದ್ದು, ಹಿಂದೆಯೇ ಸುಟ್ಟ ರಬ್ಬರ್ ವಾಸನೆ. ಎಸಿ ಸ್ವಿಚ್ ಆಫ್ ಮಾಡಿದ ತಕ್ಷಣ ಸದ್ದು ನಿಂತಿತು. ನನ್ನ ಕಾರಲ್ಲಿ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರಿಗೂ ಎಸಿ ಗ್ಯಾಸ್ ಒತ್ತಿ ಸುತ್ತಿಸೋ ಕಂಪ್ರೆಸರಿಗೂ ಒಂದೇ ಬೆಲ್ಟು. ಅದು ಹರಿದಿದ್ದರೆ ಆ ಮಳೆಯಲ್ಲಿ, ಆ ತಿರುವುಗಳಲ್ಲಿ, ಹೆಡ್‌ಲೈಟ್ ಮಂಕಾಗುತ್ತಾ ಹೋಗಿ ಎಲ್ಲಿ ನಿಲ್ಲಬೇಕಿತ್ತೋ. ಗುಂಡ್ಯದ ತನಕ ಮನೆಯವಳು ಗಾಜು ಒರೆಸುತ್ತಾ ಬಂದಳು. ಒರೆಸಿದ್ದು ನಿಮ್ಮ ಪತ್ರಿಕೆಯಲ್ಲೇ, ಕ್ಷಮಿಸಿ, ಬೇರೆ ಏನೂ ಇರಲಿಲ್ಲ.

ವಾಪಸ್ ಬಂದ ಮೇಲೆ ಯಾರೋ ಹೇಳಿದರು ಅಂತ ಬೇಲೂರು ರಸ್ತೆ ಕಡೆ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. 'ಗ್ಯಾಸ್ ಹಾಕಿ' ಅಂದೆ. ಅವರು ನಕ್ಕರು. 'ಗ್ಯಾಸ್ ಏನು ಪೆಟ್ರೋಲಾ ಸಾರ್, ಸುಟ್ಟು ಖಾಲಿ ಆಗೋಕೆ? ಎಲ್ಲಿ ಹೋಯ್ತು ಅಂತ ಮೊದಲು ಹುಡುಕಣ.'

ಇಷ್ಟು ವರ್ಷ ಗಾಡಿ ಓಡಿಸಿದ ನನಗೆ ಈ ಸಣ್ಣ ಪ್ರಶ್ನೆ ಹೊಳೆದೇ ಇರಲಿಲ್ಲ. ಎಸಿಯಲ್ಲಿ ಗ್ಯಾಸ್ ಪೈಪಿನ ಒಳಗೇ ಸುತ್ತುತ್ತಾ ಇರುತ್ತದೆ. ಕಮ್ಮಿ ಆಗಿದೆ ಅಂದರೆ ಸೋರಿದೆ ಅಂತಲೇ ಅರ್ಥ. ಎಷ್ಟೋ ವರ್ಷಕ್ಕೆ ಸ್ವಲ್ಪ ಕಮ್ಮಿ ಆಗೋದು ಬೇರೆ, ಇಪ್ಪತ್ತು ದಿನಕ್ಕೆ ಹೋಗೋದು ಬೇರೆ.

ಅವರು ಇಂಜಿನ್ ಆಫ್ ಇದ್ದಾಗಲೇ ಗ್ಯಾಸಿನ ಒತ್ತಡ ಅಳೆಯೋ ಗೇಜ್ ಹಾಕಿದರು. ನಮ್ಮ ಹವೆಗೆ 80-90 ಪಿಎಸ್ಐ ಆದರೂ ತೋರಿಸಬೇಕಾದ ಕಡೆ ಮುಳ್ಳು 15ರ ಹತ್ತಿರ ನಿಂತಿತ್ತು. 'ಇಷ್ಟು ಕಮ್ಮಿ ಇದ್ದರೆ ನಿಮ್ಮ ಕಂಪ್ರೆಸರ್ ಆನ್ ಆಗಲೇಬಾರದು, ಘಾಟಿಯಲ್ಲಿ ಹೇಗೆ ಓಡ್ತಾ ಇತ್ತು?' ಅಂತ ಅವರಿಗೇ ಅನುಮಾನ. ಟಾರ್ಚ್ ಹಿಡಿದು ಒಂದೊಂದೇ ಪೈಪು ನೋಡುತ್ತಾ ಹೋಗಿ ಒಂದು ಕಡೆ ನಿಂತರು, ಪ್ರೆಷರ್ ಸ್ವಿಚ್ಚಿನ ಕನೆಕ್ಟರ್ ಬಿಚ್ಚಿ ನೇತಾಡುತ್ತಿತ್ತು. ಅದರ ಎರಡು ತೂತಿಗೆ ಎರಡು ಇಂಚಿನ ಒಂದು ಕೆಂಪು ವೈರನ್ನು ಹೇರ್‌ಪಿನ್ ಹಾಗೆ ಬಗ್ಗಿಸಿ ತುರುಕಿ, ಮೇಲೆ ಟೇಪ್ ಸುತ್ತಿದ್ದರು.

ಈ ಸ್ವಿಚ್ಚಿಗೆ ಒಂದು ಮುಖ್ಯ ಕೆಲಸ ಇದೆ. ಗ್ಯಾಸ್ ತೀರಾ ಕಮ್ಮಿಯಾದರೆ ಕಂಪ್ರೆಸರಿಗೆ ಕರೆಂಟ್ ಹೋಗದ ಹಾಗೆ ತಡೆಯೋದು. ಕಂಪ್ರೆಸರಿನ ಎಣ್ಣೆ ಸುತ್ತೋದೇ ಗ್ಯಾಸ್ ಜೊತೆ. ಗ್ಯಾಸ್ ಇಲ್ಲ ಅಂದರೆ ಎಣ್ಣೆಯೂ ವಾಪಸ್ ಬರೋದಿಲ್ಲ, ಒಳಗಿನ ಲೋಹ ಲೋಹಕ್ಕೆ ಉಜ್ಜುತ್ತದೆ. ಜೂನ್‌ನಲ್ಲಿ ಗ್ಯಾಸ್ ತುಂಬಿದ ಹುಡುಗ ಕಂಪ್ರೆಸರ್ ಓಡಲಿ ಅಂತ ಸ್ವಿಚ್ ತಪ್ಪಿಸಿ ವೈರ್ ಹಾಕಿದ್ದಾನೆ, ಆಮೇಲೆ ತೆಗೆಯೋದು ಮರೆತಿದ್ದಾನೆ. ಮರೆತನೋ, ಇರಲಿ ಬಿಡು ಅಂದನೋ, ನನಗೆ ಗೊತ್ತಿಲ್ಲ. ಗ್ಯಾಸ್ ಸೋರಿ ಹೋಯಿತು, ತಡೆಯೋರು ಯಾರೂ ಇಲ್ಲ, ಕಂಪ್ರೆಸರ್ ಒಣಗಿಕೊಂಡೇ ಓಡಿತು.

ಸೋರಿಕೆ ಸಿಕ್ಕಿದ್ದು ಅರ್ಧ ಗಂಟೆಯಲ್ಲಿ. ಉಳಿದ ಗ್ಯಾಸ್ ಹೊರಗೆ ಬಿಡದೆ ಮೆಷಿನ್‌ನಲ್ಲಿ ಎಳೆದುಕೊಂಡರು. ಆರ್134ಎ ಅನ್ನೋ ಈ ಗ್ಯಾಸ್ ಓಝೋನ್‌ಗೆ ತೊಂದರೆ ಕೊಡದಿದ್ದರೂ, ಭೂಮಿ ಬಿಸಿ ಮಾಡೋದರಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಜಾಸ್ತಿ ಜೋರು. ಆಮೇಲೆ ನೈಟ್ರೋಜನ್ ತುಂಬಿ ಜಾಯಿಂಟುಗಳಿಗೆಲ್ಲ ಸೋಪಿನ ನೀರು ಹಚ್ಚಿದರು. ಬ್ಯಾಟರಿ ಕೆಳಗೆ ಹೋಗೋ ರಬ್ಬರ್ ಹೋಸ್ ಅಲ್ಯೂಮಿನಿಯಂ ಪೈಪಿಗೆ ಸೇರೋ ಕಡೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಏಳತೊಡಗಿದವು. ಅಲ್ಲಿ ಮೊದಲೇ ಎಣ್ಣೆ ಜಿಡ್ಡಿಗೆ ಧೂಳು ಮೆತ್ತಿ ಕಪ್ಪಾಗಿತ್ತು, ಕಣ್ಣಿದ್ದವರಿಗೆ ಏಪ್ರಿಲ್‌ನಲ್ಲೇ ಕಾಣಬೇಕಿತ್ತು. ಆ ಹೋಸಿನ ಬೆಲೆ 1,600 ರೂಪಾಯಿ.

ಕಂಪ್ರೆಸರ್ ಕೆಟ್ಟಿದೆಯಾ ಅಂತ ನೋಡಿದ್ದು ಕೊನೆಗೆ. ಅದೂ ಸುಮ್ನೆ 'ಹೋಗಿದೆ' ಅಂತ ಹೇಳಲಿಲ್ಲ. ಫ್ಯೂಸ್, ರಿಲೇ ನೋಡಿದರು, ಹಾರನ್ನಿನ ರಿಲೇ ಕಿತ್ತು ಎಸಿಗೆ ಹಾಕಿ ನೋಡಿದರು. ಕಂಪ್ರೆಸರಿನ ಮುಂದೆ ಅದನ್ನು ಬೆಲ್ಟಿನ ಚಕ್ರಕ್ಕೆ ಜೋಡಿಸೋ ಕ್ಲಚ್ಚಿನ ಕಾಯಿಲ್‌ಗೆ ಮೀಟರ್ ಇಟ್ಟರು, ಮೂರೂವರೆ ಓಮ್ ಬಂತು, ಸರಿ ಇದೆ. ಎಷ್ಟೋ ಸಲ ಕ್ಲಚ್ ಒಂದೇ ಹೋಗಿರುತ್ತೆ, ಜನ ಇಡೀ ಕಂಪ್ರೆಸರ್ ಬದಲಾಯಿಸಿ ಬರ್ತಾರೆ ಅಂದರು. ಕೊನೆಗೆ ಕ್ಲಚ್ಚಿನ ಮುಂದಿನ ತಟ್ಟೆ ಹಿಡಿದು ಕೈಯಲ್ಲೇ ತಿರುಗಿಸಿ, ನನ್ನ ಕೈಗೂ ಕೊಟ್ಟರು. ನುಣ್ಣಗೆ ತಿರುಗಬೇಕಾದದ್ದು ಬೀಸೋ ಕಲ್ಲಿಗೆ ಮರಳು ಹಾಕಿದ ಹಾಗೆ ಕರಕರ ಅಂತಿತ್ತು. ಬಿಚ್ಚಿ ಬೋರಲು ಹಾಕಿದರೆ ಎರಡು ಚಮಚ ಎಣ್ಣೆ ಬಂತು, ಕಾಡಿಗೆ ಬಣ್ಣ. ಒಂದು ಬಿಳಿ ಕಾಗದದ ಮೇಲೆ ಬಿಟ್ಟು ಬಿಸಿಲಿಗೆ ಹಿಡಿದರು. ಅಂಚಿನಲ್ಲೆಲ್ಲ ಬೆಳ್ಳಿ ಪುಡಿ ಮಿಣಮಿಣ ಹೊಳೆಯಿತು.

ಆ ಪುಡಿಯೇ ನನ್ನ ಖರ್ಚು ಏರಿಸಿದ್ದು. ಕಂಪ್ರೆಸರ್ ಮಾತ್ರ ಬದಲಾಯಿಸಿ ಅಂದೆ, ಅವರು ಒಪ್ಪಲಿಲ್ಲ. ಪುಡಿ ಬಿಸಿ ಗ್ಯಾಸ್ ತಣ್ಣಗಾಗೋ ಕಂಡೆನ್ಸರಿನ ಕೂದಲೆಳೆಯಂಥ ದಾರಿಗಳಲ್ಲಿ ಕೂತಿರುತ್ತೆ, ತೊಳೆದರೂ ಪೂರ್ತಿ ಬರಲ್ಲ, ಹೊಸದನ್ನೂ ತಿಂದು ಹಾಕುತ್ತೆ ಅಂದರು. ಹಾಗಾಗಿ ಕಂಡೆನ್ಸರ್, ಗ್ಯಾಸಿನ ತೇವ ಹೀರೋ ರಿಸೀವರ್ ಡ್ರೈಯರ್, ಕೂಲಿಂಗ್ ಕಾಯಿಲ್‌ಗೆ ಗ್ಯಾಸ್ ಅಳೆದು ಬಿಡೋ ಎಕ್ಸ್‌ಪಾನ್ಷನ್ ವಾಲ್ವ್ ಎಲ್ಲ ಹೊಸದು, ಜಾಯಿಂಟುಗಳ ರಬ್ಬರ್ ಓ ರಿಂಗುಗಳೂ ಹೊಸವು. ಗುಜರಿ ಕಂಪ್ರೆಸರ್ ಐದು ಸಾವಿರಕ್ಕೆ ಸಿಗುತ್ತಿತ್ತು. ಒಳಗೆ ಏನಿದೆ ಅಂತ ದೇವರಿಗೇ ಗೊತ್ತು ಅಂತ ಹೊಸದೇ ಹಾಕಿಸಿದೆ, ಅದೊಂದೇ 18,500. ಮುಕ್ಕಾಲು ಗಂಟೆ ವ್ಯಾಕ್ಯೂಮ್ ಎಳೆದರು, ಒಳಗೆ ತೇವ ಉಳಿದರೆ ಆಸಿಡ್ ಆಗಿ ತಿನ್ನುತ್ತಂತೆ. ಪಂಪ್ ಆಫ್ ಮಾಡಿ ಇಪ್ಪತ್ತು ನಿಮಿಷ ಕಾದರು, ಮುಳ್ಳು ಅಲ್ಲಾಡಲಿಲ್ಲ, ಅಂದರೆ ಸೋರಿಕೆ ಇಲ್ಲ. ಆಮೇಲೆ ಸಿಲಿಂಡರನ್ನು ತಕ್ಕಡಿ ಮೇಲಿಟ್ಟು ತೂಕ ಹಾಕಿ ಗ್ಯಾಸ್ ತುಂಬಿದರು. ಬೋನಟ್ ಕೆಳಗಿನ ಚೀಟಿಯಲ್ಲಿ 420 ಗ್ರಾಂ ಅಂತ ಇತ್ತು, ಅಷ್ಟೇ. ಮೊದಲ ಎರಡು ಕಡೆ ತಕ್ಕಡಿಯನ್ನೇ ನಾನು ನೋಡಿರಲಿಲ್ಲ.

ಹೊರಡುವಾಗ ಚಳಿಗಾಲದಲ್ಲೂ ವಾರಕ್ಕೆ ಹತ್ತು ನಿಮಿಷ ಎಸಿ ಹಾಕಿ ಅಂದರು. ತಿಂಗಳುಗಟ್ಟಲೆ ಓಡದೆ ಇದ್ದರೆ ಕಂಪ್ರೆಸರಿನ ಸೀಲ್ ಒಣಗಿ ಅಲ್ಲೂ ಸೋರುತ್ತಂತೆ.

ಗ್ರಾಹಕರ ಆಯೋಗಕ್ಕೆ ಹೋಗು ಅಂತ ಸ್ನೇಹಿತರು ಹೇಳಿದರು. 5 ಲಕ್ಷದ ಒಳಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವೂ ಇಲ್ಲ. ಆದರೆ ಕ್ಯಾಲೆಂಡರ್ ಹಾಳೆ ಹಿಡಿದು ಹೋಗಿ ಏನಂತ ವಾದ ಮಾಡಲಿ? ಅದಕ್ಕೇ ಓದುಗರಿಗೆ ಹೇಳೋದು, ಗ್ಯಾಸ್ ಹಾಕಿಸೋ ಮುಂಚೆ ಗೇಜ್ ಎಷ್ಟಿತ್ತು, ಎಲ್ಲಿ ಸೋರುತ್ತಿತ್ತು, ಎಷ್ಟು ಗ್ರಾಂ ಹಾಕಿದರು, ಇದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಗಾಡಿ ತಿರುಗಿಸಿಕೊಂಡು ಬನ್ನಿ. ವರ್ಕ್‌ಶಾಪಿನವರ ಮೇಲೆ ನನಗೆ ದ್ವೇಷ ಏನಿಲ್ಲ, ಆ ಹುಡುಗನಿಗೆ ಯಾರೂ ಕಲಿಸಿರಲಿಲ್ಲವೇನೋ. ಐಟಿಐಗಳಲ್ಲಿ ರೆಫ್ರಿಜರೇಷನ್, ಏರ್ ಕಂಡೀಷನಿಂಗ್‌ಗೆ ಅಂತಲೇ ಎರಡು ವರ್ಷದ ಟ್ರೇಡ್ ಇದೆ, ಅಲ್ಲಿ ಕಲಿತವರನ್ನು ಕೆಲಸಕ್ಕೆ ಇಟ್ಟುಕೊಂಡರೆ ಮಾಲೀಕರಿಗೇ ಒಳ್ಳೇದು.

ಕೆಂಪು ವೈರ್ ನನ್ನ ಕಾರಿನ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಟೇಪ್ ಸಮೇತ ಇದೆ. ಹಾಕಿದವರು ಇದನ್ನು ಓದಿದರೆ ಬಂದು ತೆಗೆದುಕೊಂಡು ಹೋಗಬಹುದು.

– ಹಳೇ ಕಾರಿನ ಮಾಲೀಕ, ಹಾಸನ