10ನೇ ತರಗತಿಯ ಕನ್ನಡ ಉತ್ತರಗಳ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಸವಿನಯ ನಮಸ್ಕಾರಗಳು.

ಕಳೆದ ಕಿರುಪರೀಕ್ಷೆಯ ಕನ್ನಡ ಉತ್ತರ ಪತ್ರಿಕೆಗಳು ಮನೆಗೆ ಬಂದ ಮೇಲೆ ತಮ್ಮಲ್ಲಿ ಕೆಲವರು ಫೋನು ಮಾಡಿದ್ದೀರಿ. ಇನ್ನು ಕೆಲವರು ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲೂ ಬಿಡುವು ಮಾಡಿಕೊಂಡು ಶಾಲೆಗೇ ಬಂದು ಮಾತಾಡಿದ್ದೀರಿ. ಪಾತ್ರಗಳ ಮೇಲಿನ ಪ್ರಶ್ನೆಗಳಿಗೆ ಕನ್ನಡ ಶಿಕ್ಷಕಿಯವರು ಈ ವರ್ಷ ನೋಟ್ಸು ಬರೆಸುತ್ತಿಲ್ಲ, ಇದರಿಂದ ಎಸ್‌ಎಸ್‌ಎಲ್‌ಸಿಯಲ್ಲಿ ಅಂಕ ಕಡಿಮೆಯಾಗುತ್ತದೆ ಎಂಬುದು ಒಂದು ದೂರು. ಒಬ್ಬ ವಿದ್ಯಾರ್ಥಿನಿ ‘ಕೃಷ್ಣ ಮಾಡಿದ್ದು ಸರಿಯಲ್ಲ’ ಎಂದು ಬರೆದಿದ್ದಾಳೆ, ಅದಕ್ಕೆ ಪೂರ್ಣ ಅಂಕವನ್ನೂ ಕೊಟ್ಟಿದ್ದಾರೆ, ದೇವರ ಬಗ್ಗೆ ಹೀಗೆ ಬರೆಯುವುದನ್ನು ಶಾಲೆಯಲ್ಲಿ ಕಲಿಸುತ್ತೀರಾ ಎಂಬುದು ಮತ್ತೊಂದು ದೂರು. ಎರಡನೆಯದನ್ನು ಹೇಳಿದವರ ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಾಗಿತ್ತು. ಆದ್ದರಿಂದ ಆ ವಿಷಯವನ್ನು ಮೊದಲು ಬಿಡಿಸಿ ಹೇಳುತ್ತೇನೆ.

ಪ್ರಶ್ನೆ ಇದ್ದದ್ದು ಕುಮಾರವ್ಯಾಸನ ‘ಕೌರವೇಂದ್ರನ ಕೊಂದೆ ನೀನು’ ಪದ್ಯಭಾಗದ ಮೇಲೆ. ಸಂಧಿಯ ಮಾತುಕತೆ ಮುರಿದುಬಿದ್ದ ಮೇಲೆ ಕೃಷ್ಣನು ಕರ್ಣನನ್ನು ರಥದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಅವನ ಹುಟ್ಟಿನ ಗುಟ್ಟನ್ನು ಹೇಳುವ ಸಂದರ್ಭವದು. ಆ ವಿದ್ಯಾರ್ಥಿನಿ, ಇಷ್ಟು ವರ್ಷ ಮುಚ್ಚಿಟ್ಟಿದ್ದ ಗುಟ್ಟನ್ನು ಯುದ್ಧ ಬಾಗಿಲಿಗೆ ಬಂದಾಗ ಹೇಳಿದ್ದು ಕರ್ಣನಿಗೆ ಮಾಡಿದ ಅನ್ಯಾಯ ಎಂದು ಬರೆದು, ಕರ್ಣನಿಗೆ ದುಃಖ ಉಮ್ಮಳಿಸಿ ಕೊರಳ ನರಗಳು ಉಬ್ಬಿದವು ಎನ್ನುವ ‘ಕೊರಳ ಸೆರೆ ಹಿಗ್ಗಿದವು’ ಎಂಬ ಸಾಲನ್ನು ಆಧಾರವಾಗಿ ಕೊಟ್ಟಿದ್ದಾಳೆ. ಅದೇ ಬೆಂಚಿನಲ್ಲಿ ಕೂರುವ ಇನ್ನೊಬ್ಬಳು, ಪಾಂಡವರನ್ನೂ ಕೌರವರನ್ನೂ ಎಡಬಲದಲ್ಲಿರಿಸಿಕೊಂಡು ಆಳುವ ದಾರಿಯನ್ನು ಕೃಷ್ಣ ತೋರಿಸಿದ, ಕರ್ಣನ ಪ್ರಾಣ ಉಳಿಯುವುದಕ್ಕೆ ಅದು ಕೊನೆಯ ಅವಕಾಶವಾಗಿತ್ತು, ಆದ್ದರಿಂದ ಕೃಷ್ಣನ ನಡೆ ಕರುಣೆಯದು ಎಂದು ಬರೆದಿದ್ದಾಳೆ. ಅವಳಿಗೂ ಪೂರ್ಣ ಅಂಕವೇ ಬಂದಿದೆ. ಒಂದೂ ಸಾಲನ್ನು ಉದಾಹರಿಸದೆ ‘ಕೃಷ್ಣ ಮೋಸಗಾರ’ ಎಂದಷ್ಟೇ ಬರೆದ ಹುಡುಗನಿಗೆ ಒಂದೇ ಅಂಕ ಸಿಕ್ಕಿದೆ. ಈ ಮೂರೂ ಪತ್ರಿಕೆಗಳನ್ನು ನಾನೇ ಕೂತು ಓದಿದ್ದೇನೆ. ಅಂಕ ಸಿಗುವುದು ಮಗು ಯಾರ ಪರ ಬರೆಯಿತು ಎಂಬುದಕ್ಕಲ್ಲ, ಪದ್ಯದಿಂದ ಯಾವ ಆಧಾರ ಕೊಟ್ಟಿತು ಎಂಬುದಕ್ಕೆ.

ಇನ್ನೊಂದು ಮಾತನ್ನೂ ತಾವು ದಯವಿಟ್ಟು ಗಮನಿಸಬೇಕು. ಆ ಆಪಾದನೆ ನಮ್ಮ ವಿದ್ಯಾರ್ಥಿನಿ ಹುಟ್ಟಿಸಿದ್ದಲ್ಲ, ಕಾವ್ಯದಲ್ಲೇ ಇದೆ. ಗದುಗಿನ ವೀರನಾರಾಯಣನ ಭಕ್ತನಾದ, ತಾನು ಹೇಳುವುದು ಕೃಷ್ಣಕಥೆ ಎಂದೇ ಸಾರಿದ ಕವಿ, ಕರ್ಣನ ಬಾಯಲ್ಲಿ ‘ಮರುಳು ಮಾಧವ’ ಎಂಬ ಮಾತನ್ನು ಆಡಿಸಿ, ಆ ಷಟ್ಪದಿಯನ್ನು ‘ಕೌರವೇಂದ್ರನ ಕೊಂದೆ ನೀನೆಂದ’ ಎಂದು ಮುಗಿಸಿದ್ದಾನೆ. ಭಕ್ತಿಗೆ ಅದರಿಂದ ಕುಂದು ಬಂತೆಂದು ನಮ್ಮ ಹಿರಿಯರು ಯಾರೂ ಎಣಿಸಲಿಲ್ಲ. ಮತ್ತೂರು, ಹೊಸಹಳ್ಳಿಯಂಥ ಊರುಗಳಲ್ಲಿ ಆ ಕಾವ್ಯವನ್ನು ಗಮಕಿಗಳು ಇಂದಿಗೂ ಶ್ರದ್ಧೆಯಿಂದ ವಾಚಿಸುತ್ತಾರೆ. ಮಳೆಗಾಲದಲ್ಲಿ ದೇವಸ್ಥಾನದ ಚಾವಡಿಯಲ್ಲಿ ‘ಕರ್ಣಭೇದನ’ದ ತಾಳಮದ್ದಳೆ ನಡೆಯುವಾಗ ಕರ್ಣನ ಅರ್ಥಧಾರಿ (ಪಾತ್ರದ ಮಾತನ್ನು ಆಡುವವರು) ಕೃಷ್ಣನ ಅರ್ಥಧಾರಿಗೆ ಮಾತಿಗೆ ಮಾತು ಕೊಡುವುದನ್ನು ತಮ್ಮಲ್ಲಿ ಬಹಳ ಮಂದಿ ನಡುರಾತ್ರಿಯವರೆಗೆ ಕೂತು ಕೇಳಿದವರೇ. ಮಕ್ಕಳು ಈಗ ಕಾಗದದ ಮೇಲೆ ಮಾಡುತ್ತಿರುವುದು ಅದೇ ಕೆಲಸ. ನಮ್ಮ ಜಿಲ್ಲೆಯ ಕುಪ್ಪಳಿಯಲ್ಲಿ ಬೆಳೆದ ಕುವೆಂಪು 1949ರ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಸೀತೆಯೊಂದಿಗೆ ರಾಮನನ್ನೂ ಅಗ್ನಿಪ್ರವೇಶ ಮಾಡಿಸಿದರು. ಹಳೆಯ ಪಾತ್ರಕ್ಕೆ ಹೊಸ ಪ್ರಶ್ನೆ ಹಾಕಿದ ಆ ಕೃತಿಗೆ 1967ನೇ ಸಾಲಿನ ಜ್ಞಾನಪೀಠ ಸಂದಿತು.

ಹೀಗೆಂದ ಮಾತ್ರಕ್ಕೆ ದೇವರನ್ನು ಟೀಕಿಸಿ ಬರೆಯಿರಿ ಎಂದು ನಮ್ಮ ಶಾಲೆಯಲ್ಲಿ ಯಾರೂ ಯಾವ ಮಗುವಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಮನೆಯ ನಂಬಿಕೆಗೆ ತಕ್ಕಂತೆ ಬರೆಯುವ ಮಗುವಿಗೂ ಅಷ್ಟೇ ಗೌರವವಿದೆ.

ಇನ್ನು ನೋಟ್ಸಿನ ವಿಷಯ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ರನ್ನನ ‘ಛಲಮನೆ ಮೆರೆವೆಂ’ ಪದ್ಯದ ದುರ್ಯೋಧನನ ಕುರಿತು ಬಂದ ಉತ್ತರಗಳಲ್ಲಿ ಹೆಚ್ಚಿನವು ಒಂದೇ ಗೈಡಿನಿಂದ ಇಳಿದವು. ಮೊದಲ ವಾಕ್ಯವೂ ಒಂದೇ, ಆ ಗೈಡಿನಲ್ಲಿದ್ದ ಅಚ್ಚಿನ ತಪ್ಪೂ ಒಂದೇ. ಸಂಧಿ ಮಾಡಿಕೋ ಎಂದ ಭೀಷ್ಮನಿಗೆ ದುರ್ಯೋಧನ ‘ನೆಲಕಿರಿವೆನೆಂದು ಬಗೆದಿರೆ ಚಲಕಿರಿವೆಂ’, ಎಂದರೆ ನೆಲಕ್ಕಾಗಿ ಹೋರಾಡುತ್ತೇನೆಂದು ತಿಳಿದಿರಾ, ಛಲಕ್ಕಾಗಿ ಹೋರಾಡುತ್ತೇನೆ ಎನ್ನುತ್ತಾನೆ. ಕರ್ಣನನ್ನು ಕೊಲ್ಲಿಸಿದ ಈ ನೆಲ ತನಗೆ ಪಾಳುನೆಲ, ಅದರೊಡನೆ ಮತ್ತೆ ಬಾಳಲೇ ಎಂದು ಕೇಳುತ್ತಾನೆ. ನೋಟ್ಸು ನಿಲ್ಲಿಸಿದ ಮೇಲೆ ಅದೇ ಪದ್ಯಕ್ಕೆ ಒಬ್ಬ ಹುಡುಗ, ‘ನೆಲ ಪಾಳಾಗಿದ್ದರೆ ಅದನ್ನು ಪಾಂಡವರಿಗೆ ಬಿಟ್ಟುಕೊಡಬಹುದಿತ್ತಲ್ಲ, ಬಿಡದಿರುವುದೇ ಛಲ’ ಎಂದು ಬರೆದ. ರನ್ನನ ದುರ್ಯೋಧನ ಕರ್ಣನಿಗಾಗಿ ನೆಲವನ್ನೇ ಬೇಡವೆನ್ನುತ್ತಾನೆ, ಕುಮಾರವ್ಯಾಸನ ಕರ್ಣ ರಾಜ್ಯ ಕೈಗೆ ಬರುವಾಗಲೂ ‘ಕುರುಪತಿಗೆ ಕೇಡಾದುದು’ ಎಂದು ಕೊರಗುತ್ತಾನೆ, 10ನೇ ಶತಮಾನದ ಕವಿ ಮತ್ತು 15ನೇ ಶತಮಾನದ ಕವಿ ಒಂದೇ ಸ್ನೇಹವನ್ನು ಎರಡು ಕಡೆಯಿಂದ ಹೇಳಿದ್ದಾರೆ ಎಂದು ಇನ್ನೊಬ್ಬಳು ಗುರುತಿಸಿದಳು. ಇದು ನಾನು ನೋಡಿದ ಯಾವ ಗೈಡಿನಲ್ಲೂ ಇರಲಿಲ್ಲ. ಕಾಗುಣಿತ ತಪ್ಪಿತ್ತು, ಅಕ್ಷರವೂ ಅಷ್ಟಕ್ಕಷ್ಟೇ. ಆದರೂ ಆ ಪುಟವನ್ನು ಓದಿ ನನಗಾದ ಸಂತೋಷವನ್ನು ತಮ್ಮೊಂದಿಗೆ ಹಂಚಿಕೊಳ್ಳದಿರಲಾರೆ.

ಅಂಕದ ಬಗ್ಗೆ ತಮಗಿರುವ ಆತಂಕ ನನಗೆ ಅರ್ಥವಾಗುತ್ತದೆ. ಪದಗಳ ಅರ್ಥ, ಪದ್ಯದ ಭಾವಾರ್ಥ, ವ್ಯಾಕರಣ, ಪ್ರಸ್ತಾರ ಹಾಕುವ ಕ್ರಮ ಇವೆಲ್ಲವನ್ನೂ ಶಿಕ್ಷಕಿಯವರು ಎಂದಿನಂತೆ ಬರೆಸುತ್ತಾರೆ. ಕಂಠಪಾಠದ ಪದ್ಯಗಳನ್ನು ಎಂದಿನಂತೆ ಒಪ್ಪಿಸಿಕೊಳ್ಳುತ್ತಾರೆ. ಪಾತ್ರದ ಬಗ್ಗೆ, ಪದ್ಯದ ಆಶಯದ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಮಾತ್ರ ಮಗು ತಾನೇ ಯೋಚಿಸಿ ಬರೆಯಬೇಕು. ಬಾಯಿಪಾಠ ಮಾಡಿದ ಉತ್ತರದಲ್ಲಿ ನಡುವಿನ ಒಂದು ವಾಕ್ಯ ಮರೆತರೆ ಮಗು ಅಲ್ಲಿಗೇ ನಿಂತುಬಿಡುವುದನ್ನು ಪರೀಕ್ಷಾ ಕೊಠಡಿಯಲ್ಲಿ ಪ್ರತಿ ವರ್ಷ ನೋಡುತ್ತೇವೆ. ಪದ್ಯವನ್ನು ಅರಗಿಸಿಕೊಂಡ ಮಗು ಪ್ರಶ್ನೆಯನ್ನು ತಿರುಗಿಸಿ ಕೇಳಿದರೂ ಏನಾದರೊಂದು ಬರೆದೇ ಬರೆಯುತ್ತದೆ. ಬರೆಯಲು ತಿಣುಕುವ ಮಕ್ಕಳನ್ನು ಕೈಬಿಟ್ಟಿಲ್ಲ. ಅವರನ್ನು ಶಿಕ್ಷಕಿಯವರು ಸಂಜೆ ಬಸ್ಸು ಬರುವವರೆಗೆ ಕೂರಿಸಿಕೊಂಡು, ಮೊದಲು ಬಾಯಲ್ಲಿ ಹೇಳಿಸಿ, ಹೇಳಿದ್ದನ್ನೇ ಬರೆಸುತ್ತಿದ್ದಾರೆ.

ಈ ಪದ್ಧತಿಗೆ ಒಪ್ಪಿಗೆ ಕೊಟ್ಟವಳು ನಾನು. ಆದ್ದರಿಂದ ಆಕ್ಷೇಪವಿದ್ದರೆ ಶಿಕ್ಷಕಿಯವರನ್ನು ದಾರಿಯಲ್ಲಿ ನಿಲ್ಲಿಸಿ ಕೇಳದೆ ನನ್ನನ್ನೇ ಕೇಳಿ. ಅಂಕದ ಬಗ್ಗೆಯಾಗಲಿ, ಮನಸ್ಸಿಗೆ ನೋವಾದ ಬಗ್ಗೆಯಾಗಲಿ ಎಷ್ಟು ಹೊತ್ತು ಬೇಕಾದರೂ ಕೂತು ಕೇಳುತ್ತೇನೆ. ಆದರೆ ಈ ವರ್ಷ ಪಾತ್ರಗಳ ಪ್ರಶ್ನೆಗೆ ನೋಟ್ಸು ಬರೆಸುವುದಿಲ್ಲ.

ತಮ್ಮಲ್ಲಿ ಕೋರುವುದಿಷ್ಟೇ: ಮಗು ಕನ್ನಡ ಉತ್ತರ ಬರೆಯುವಾಗ ಗೈಡನ್ನೂ ಮೊಬೈಲನ್ನೂ ಪಕ್ಕಕ್ಕೆ ತೆಗೆದಿಡಿ.

ಉತ್ತರ ಪತ್ರಿಕೆಗಳು ನನ್ನ ಕೊಠಡಿಯಲ್ಲಿವೆ. ಮುಂದಿನ ಎರಡು ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ನಾನೂ ಕನ್ನಡ ಶಿಕ್ಷಕಿಯವರೂ ಇರುತ್ತೇವೆ. ತಮ್ಮ ಮಗುವಿನ ಪತ್ರಿಕೆಯನ್ನು ನೋಡಿ, ಅಂಕ ಕೊಟ್ಟ ಕ್ರಮವನ್ನು ಕೇಳಿ ತಿಳಿದುಕೊಳ್ಳಬಹುದು.

ಇತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ