ತೋಟವನ್ನು ಈಗಲೇ ನನ್ನ ಹೆಸರಿಗೆ ಮಾಡಬೇಡಿ

ತೀರ್ಥರೂಪ ಅಪ್ಪನಿಗೆ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ಅಮೆರಿಕದಲ್ಲಿ ನಾವೆಲ್ಲರೂ ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆಯೆಂದು ಮರೆಯದೆ ತಿಳಿಸಿ.

ಅಡಿಕೆ ತೋಟವನ್ನು ನನ್ನ ಹೆಸರಿಗೂ ಮನೆಯನ್ನು ತಂಗಿಯ ಹೆಸರಿಗೂ ಮಳೆಗಾಲಕ್ಕೆ ಮುಂಚೆಯೇ ದಾನಪತ್ರ ಮಾಡಿ ನಿಶ್ಚಿಂತರಾಗುವ ಯೋಚನೆಯಿದೆಯೆಂದು ನೀವು ಫೋನಿನಲ್ಲಿ ಹೇಳಿದಿರಿ. ಇದಕ್ಕೆ ಬಾಯಿಮಾತಿನಲ್ಲಿ ಉತ್ತರಿಸುವುದಕ್ಕಿಂತ ಬರೆದು ತಿಳಿಸುವುದೇ ಸರಿಯೆನಿಸಿತು. ಈಗ ಯಾರ ಹೆಸರಿಗೂ ಏನನ್ನೂ ಮಾಡಬೇಡಿ. ನಿಮ್ಮಿಬ್ಬರ ಮುಂದಿನ ವರ್ಷಗಳ ಆರೈಕೆಯ ಖರ್ಚಿಗೆ ಮೊದಲು ದಾರಿ ಮಾಡಿಟ್ಟುಕೊಂಡು, ಉಳಿಯುವ ಆಸ್ತಿಗೆ ವೀಲುನಾಮೆ, ಅಂದರೆ ಉಯಿಲು, ಬರೆಸಿ.

ತೋಟದ ದಾನಪತ್ರವಂತೂ ನನ್ನ ಮಟ್ಟಿಗೆ ನಡೆಯುವಂಥದ್ದೇ ಅಲ್ಲ. ಪರದೇಶದಲ್ಲಿ ನೆಲೆಸಿದ ನಮ್ಮಂಥವರು ಊರಿನಲ್ಲಿ ಮನೆಯನ್ನೋ ಫ್ಲಾಟನ್ನೋ ಕೊಳ್ಳಬಹುದು, ತಂದೆತಾಯಿಯರಿಂದ ದಾನವಾಗಿಯೂ ಪಡೆಯಬಹುದು. ಆದರೆ ಕೃಷಿಭೂಮಿಯನ್ನು ಕ್ರಯಕ್ಕಾಗಲಿ ದಾನವಾಗಿಯಾಗಲಿ ಪಡೆಯುವಂತಿಲ್ಲ, ವಾರಸಿನಿಂದ ಮಾತ್ರ ಪಡೆಯಬಹುದು ಎಂದು ವಿದೇಶಿ ವಿನಿಮಯದ ಫೆಮಾ ಕಾಯಿದೆಯಡಿ 2019ರಲ್ಲಿ ಬಂದ ನಿಯಮಗಳು ಹೇಳುತ್ತವೆ. ಆಧಾರ (ಆಸ್ತಿಪತ್ರ) ಬರೆಯುವವರು ಮುದ್ರಾಂಕದ ಲೆಕ್ಕ ಹೇಳುತ್ತಾರೆಯೇ ಹೊರತು, ಮಗ ಎಲ್ಲಿ ನೆಲೆಸಿದ್ದಾನೆಂದು ಕೇಳುವುದು ಕಡಿಮೆ.

ಮನೆಯನ್ನು ತಂಗಿಗೆ ಕೊಡಲು ಕಾನೂನಿನ ಅಡ್ಡಿಯಿಲ್ಲ. ಅವಳ ಮೇಲಾಗಲಿ ಭಾವನ ಮೇಲಾಗಲಿ ನನಗೆ ಎಳ್ಳಷ್ಟೂ ಅನುಮಾನವೂ ಇಲ್ಲ. ಆದರೆ ಒಮ್ಮೆ ದಾನ ಕೊಟ್ಟ ಮನೆ ಅವಳದಾಗುತ್ತದೆ. ನಾಳೆ ಅವಳಿಗೇ ಏನಾದರೂ ಆದರೆ, ಬಿಡ್ತು ಅನ್ನಿ, ಅವಳ ವಾರಸುದಾರರದಾಗುತ್ತದೆ. ನೋಡಿಕೊಳ್ಳದ ಮಕ್ಕಳಿಂದ ಆಸ್ತಿಯನ್ನು ಹಿಂದಕ್ಕೆ ಪಡೆಯಲು 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಸೆಕ್ಷನ್ ಅವಕಾಶ ಕೊಡುತ್ತದೆಯಾದರೂ, ಆರೈಕೆಯ ಷರತ್ತಿನ ಮೇಲೆಯೇ ಆಸ್ತಿ ಕೊಟ್ಟದ್ದೆಂದು ತೋರಿಸಬೇಕಾಗುತ್ತದೆ ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಹೆತ್ತ ಮಗಳಿಗೆ ಕೊಡುವ ಪತ್ರದಲ್ಲಿ ಅಂಥ ಷರತ್ತನ್ನು ಬರೆಸಲು ನಿಮಗೆ ಮನಸ್ಸು ಬರುವುದಿಲ್ಲವೆಂದು ನನಗೆ ಗೊತ್ತು.

ಅಮೆರಿಕದವರೆಲ್ಲ ಬದುಕಿರುವಾಗಲೇ ಮಕ್ಕಳಿಗೆ ಆಸ್ತಿ ದಾಟಿಸುತ್ತಾರಂತೆ ಎಂದು ನೀವು ಕೇಳಿದಿರಿ. ಅದು ಒಂದು ಮಟ್ಟಿಗೆ ನಿಜ, ಆದರೆ ಅದರ ಕಾರಣ ಬೇರೆ. ಇಲ್ಲಿ ವೃದ್ಧರಿಗಿರುವ ಮೆಡಿಕೇರ್ ವಿಮೆಯು ಆಸ್ಪತ್ರೆಯಿಂದ ಬಂದ ಮೇಲಿನ ಶುಶ್ರೂಷೆಗೆ ಹೆಚ್ಚೆಂದರೆ 100 ದಿನ ಹಣ ಕೊಡುತ್ತದೆ. ಸ್ನಾನ ಮಾಡಿಸಿ, ಊಟ ಮಾಡಿಸಿ ವರ್ಷಗಟ್ಟಲೆ ನೋಡಿಕೊಳ್ಳುವ ನರ್ಸಿಂಗ್ ಹೋಮಿಗೆ ಕೊಡುವುದಿಲ್ಲ, ಅಲ್ಲಿಯ ಖರ್ಚೋ ವರ್ಷಕ್ಕೆ ಲಕ್ಷ ಡಾಲರ್ ದಾಟುತ್ತದೆ. ಅದನ್ನು ಭರಿಸುವ ಮೆಡಿಕೇಡ್ ಎಂಬ ಸರಕಾರಿ ನೆರವು ಸಿಗಬೇಕಾದರೆ ಕೈಯಲ್ಲಿರುವುದು ಬಹುತೇಕ ಕರಗಿರಬೇಕು. ಹಲವು ರಾಜ್ಯಗಳಲ್ಲಿ ಒಂಟಿ ವ್ಯಕ್ತಿಯ ಬಳಿ ಲೆಕ್ಕಕ್ಕೆ ಬರುವ ಆಸ್ತಿ 2,000 ಡಾಲರಿಗಿಂತ ಹೆಚ್ಚು ಇರಕೂಡದು. ಹಿಂದಿನ 5 ವರ್ಷಗಳಲ್ಲಿ ಯಾರಿಗೆ ಏನು ಕೊಟ್ಟಿರೆಂಬುದನ್ನೂ ಕೆದಕುತ್ತಾರೆ. ನಮ್ಮ ಬೀದಿಯ ವೃದ್ಧೆಯೊಬ್ಬರ ಮಗಳು ಊಟದ ಮೇಜಿನ ತುಂಬ ಬ್ಯಾಂಕಿನ ಹಳೆಯ ಕಾಗದಗಳನ್ನು ಹರಡಿಕೊಂಡು, ಮೊಮ್ಮಗನ ಮದುವೆಗೆ ಅಜ್ಜಿ ಬರೆದುಕೊಟ್ಟ ಚೆಕ್ಕಿಗೂ ವಿವರಣೆ ಬರೆಯುತ್ತಿದ್ದುದನ್ನು ನಾನು ನೋಡಿದ್ದೇನೆ. ಆದ್ದರಿಂದ ಇಲ್ಲಿನವರು ವಕೀಲರನ್ನು ಕಂಡು ಬಹಳ ಮೊದಲೇ ಆಸ್ತಿ ದಾಟಿಸುತ್ತಾರೆ. ನಮ್ಮಲ್ಲಿ ಹಾಗೆ ವರ್ಷಗಟ್ಟಲೆ ಹಣ ಕೊಡುವ ಸರಕಾರಿ ವ್ಯವಸ್ಥೆಯೇ ಇಲ್ಲವಾದ್ದರಿಂದ, ಆಸ್ತಿ ಕೊಟ್ಟು ಕೈ ಬರಿದು ಮಾಡಿಕೊಂಡವರಿಗೆ ಯಾವ ಲಾಭವೂ ಇಲ್ಲ. ಇದ್ದ ಒಂದೇ ಆಸರೆಯೂ ಹೋಗುತ್ತದೆ.

ಆರೋಗ್ಯ ವಿಮೆ ಮುಖ್ಯವಾಗಿ ಆಸ್ಪತ್ರೆಗೆ ಸೇರಿದಾಗಿನ ಖರ್ಚಿಗೆ. ಮನೆಯಲ್ಲಿರುವ ಹೋಂ ನರ್ಸಿನ ಸಂಬಳವನ್ನು ಅದು ಸಾಮಾನ್ಯವಾಗಿ ಕೊಡುವುದಿಲ್ಲ. ತಿಂಗಳಿಗೆ 25 ಸಾವಿರವೆಂದು ಹಿಡಿದರೂ ವರ್ಷಕ್ಕೆ 3 ಲಕ್ಷವಾಯಿತು. ತೋಟದ ಆದಾಯ ಕೊಳೆರೋಗವನ್ನೂ ಧಾರಣೆಯನ್ನೂ ನೋಡಿಕೊಂಡು ಬರುವಂಥದ್ದು. ನಾನು ಕಳುಹಿಸುವುದು ಇದ್ದೇ ಇದೆ, ಆದರೆ ವೀಸಾದ ಮೇಲೆ ನಿಂತ ನನ್ನ ಉದ್ಯೋಗವನ್ನು ನಂಬಿ ಅಮ್ಮನ ಆರೈಕೆ ನಡೆಯಬೇಕಾಗಬಾರದು. ಆದ್ದರಿಂದ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯನ್ನು ವಿಚಾರಿಸಿ. ಒಬ್ಬರು 30 ಲಕ್ಷದವರೆಗೆ ಇಡಬಹುದು, ಈಗಿನ ಶೇ. 8.2 ಬಡ್ಡಿಗೆ ಅಷ್ಟೂ ಇಟ್ಟರೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬರುತ್ತದೆ. ಗುಡ್ಡೆಯ ಬದಿಯ ಜಾಗವನ್ನು ಮಾರುವ ಮಾತು ಮೊದಲೇ ಇತ್ತಲ್ಲ, ಆ ಹಣ ಇದಕ್ಕೆ ಹೋಗಲಿ. ದೀರ್ಘಕಾಲದ ರೋಗಿಗಳನ್ನು ನೋಡಿಕೊಳ್ಳುವ ಪಂಚಾಯತಿನ ಪಾಲಿಯೇಟಿವ್ ಘಟಕದ ನರ್ಸ್ ಹಾಸಿಗೆ ಹಿಡಿದವರ ಮನೆಗೇ ಬರುತ್ತಾರೆ. ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ್ದರಿಂದ ನಮಗಾದ ಒಂದು ಉಪಕಾರವೆಂದು ಅದನ್ನು ಒಪ್ಪಿಕೊಳ್ಳಲೇಬೇಕು.

ಇನ್ನು ವೀಲುನಾಮೆಯ ವಿಷಯ. ಅದನ್ನು ಕನ್ನಡದಲ್ಲಿಯೇ ಬರೆಸಬಹುದು. ಇಬ್ಬರು ಸಾಕ್ಷಿಗಳು ಬೇಕು. ಆಸ್ತಿ ಸಿಗುವವರು ಸಾಕ್ಷಿ ಹಾಕದಿರುವುದು ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿಡಿ. ಮನಸ್ಸು ಬದಲಾದರೆ ಎಷ್ಟು ಸಲ ಬೇಕಾದರೂ ತಿದ್ದಿ ಬರೆಯಬಹುದೆಂಬುದೇ ದಾನಪತ್ರಕ್ಕಿಂತ ಇದರ ಹೆಚ್ಚುಗಾರಿಕೆ. ಮನೆಯನ್ನು ಮೊದಲು ಅಮ್ಮನಿಗೆ ಬರೆಯಿರಿ, ಅದೂ ವಾಸದ ಹಕ್ಕು ಮಾತ್ರವಲ್ಲ, ಪೂರ್ಣ ಹಕ್ಕು. ಅಗತ್ಯಬಿದ್ದರೆ ಮಾರುವ ಅಧಿಕಾರವಿಲ್ಲದ ಮನೆಯಿಂದ ಆಕೆಯ ಔಷಧಿಯ ಖರ್ಚು ಹುಟ್ಟುವುದಿಲ್ಲ. ತೋಟದಲ್ಲಿ ತಂಗಿಗೂ ಸಮಪಾಲಿರಲಿ. ಅಜ್ಜನಿಂದ ಬಂದದ್ದು ಎಷ್ಟು, ನೀವು ಕೊಂಡದ್ದು ಎಷ್ಟೆಂದು ವಕೀಲರಿಗೆ ಬೇರೆಬೇರೆಯಾಗಿ ತೋರಿಸಿ. ಪುತ್ತೂರಿನ ನೆಂಟರು ಹೇಳುವ, ಪಿತ್ರಾರ್ಜಿತ ಆಸ್ತಿಯ ಪಾಲಿನ ಕರ್ನಾಟಕದ ಲೆಕ್ಕ ಕೇರಳದ ನಮ್ಮ ಊರಿಗೆ ಹಾಗೆಯೇ ಹೊಂದುತ್ತದೆಂದು ಹೇಳಲಾಗದು. ಕೇರಳದಲ್ಲಿ ಅವಿಭಕ್ತ ಕುಟುಂಬವನ್ನು ರದ್ದುಮಾಡಿದ 1975ರ ಬೇರೆ ಕಾಯಿದೆಯಿದೆ; ಅದರ ಮುಖ್ಯ ಸೆಕ್ಷನ್‌ಗಳು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಗೆ ವಿರುದ್ಧವಾದ್ದರಿಂದ ನಿಲ್ಲುವುದಿಲ್ಲವೆಂದು ಕೇರಳ ಹೈಕೋರ್ಟು 2025ರಲ್ಲಿ ಹೇಳಿದೆ.

ತಂಗಿಯ ಹೆಸರಿಗೆ ಪವರ್ ಆಫ್ ಅಟಾರ್ನಿ ಕೊಟ್ಟರೆ ಸಾಕಲ್ಲವೇ ಎಂದರೆ, ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದ ದಿನವೇ ಅದು ಬಲ ಕಳೆದುಕೊಳ್ಳುತ್ತದೆ, ಅಂದರೆ ಬೇಕಾದಾಗಲೇ ಇಲ್ಲವಾಗುತ್ತದೆ. ಅದಕ್ಕೇ ಬ್ಯಾಂಕಿನ ಖಾತೆಗಳನ್ನು ನೀವಿಬ್ಬರಲ್ಲಿ ಯಾರು ಬೇಕಾದರೂ ನಡೆಸುವಂತೆ ಈಗಲೇ ಜಂಟಿ ಮಾಡಿಸಿಡಿ.

ವಕೀಲರಲ್ಲಿಗೆ ಹೋಗುವ ಮುನ್ನ ವಿಲ್ಲೇಜ್ ಆಫೀಸಿನ ತೆರಿಗೆ ರಶೀದಿಗಳನ್ನೂ ಹಳೆಯ ಆಧಾರಗಳನ್ನೂ ಮೊಬೈಲಿನಲ್ಲಿ ಫೋಟೋ ತೆಗೆಸಿ ತಂಗಿಯ ಕೈಯಲ್ಲಿ ನನಗೆ ಕಳುಹಿಸಿ. ಈ ವರ್ಷದ ಅಡಿಕೆ ಮಾರಿದ ಹಣದಲ್ಲಿ ಮೊದಲು ಹೊರಗಿನ ಬಚ್ಚಲನ್ನು ಮನೆಯೊಳಗೆ ತರಿಸಿ, ಗೋಡೆಗೆ ಹಿಡಿಕೆ ಹಾಕಿಸಿ; ಮಳೆಗಾಲದಲ್ಲಿ ಅಮ್ಮ ಆ ಪಾಚಿಗಟ್ಟಿದ ಅಂಗಳ ದಾಟುವುದು ಬೇಡ.

ಇಂತು ನಿಮ್ಮ ಮಗ