ಗುಂಡಿನ ತೂಕ ಕೇಳಿದ ಅಳಿಯನಿಗೆ

ಹೇಯ್ಸ್, ಕಾನ್ಸಾಸ್

ಚಿರಂಜೀವಿ ಸುಮಂತನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಉಭಯ ಕುಶಲೋಪರಿ. ಹೊಸ ರೈಫಲಿನ ಫೋಟೋ ತಲುಪಿತು. ಫ್ಲಿಂಟ್ ಹಿಲ್ಸ್‌ನ ಆ ದನದ ಸಾಕಣೆಗಾರರು ಹಸುಗಳು ಕರು ಹಾಕುವ ಕಾಲಕ್ಕೆ ಕಯೋಟಿ (ತೋಳದ ಜಾತಿಯ ಇಲ್ಲಿನ ಕಾಡುಪ್ರಾಣಿ) ಹೊಡೆಯಲು ಬಾ ಎಂದು ಕರೆದಿದ್ದಾರೆ, 40, 55, 77 ಗ್ರೇನಿನ ಗುಂಡುಗಳ ಮೂರು ಪೆಟ್ಟಿಗೆ ತಂದಿಟ್ಟುಕೊಂಡಿದ್ದೇನೆ, ಯಾವುದನ್ನು ಒಯ್ಯಲಿ ಎಂದು ಕೇಳಿದ್ದೀಯೆ. ಇದಕ್ಕೆ ಒಂದು ಸಂಖ್ಯೆ ಹೇಳಿ ಮುಗಿಸಬಹುದಿತ್ತು. ಆದರೆ ತೂಕ ಕೊನೆಗೆ ಇತ್ಯರ್ಥವಾಗಬೇಕಾದ ವಿಷಯ, ನೀನು ಅದನ್ನೇ ಮೊದಲು ಹಿಡಿದುಕೊಂಡಿದ್ದೀಯೆ. ಹಾಗಾಗಿ ಕಾಗದ ಉದ್ದವಾಗುತ್ತದೆ, ಸಹಿಸಿಕೋ.

ಕಾನೂನಿನ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ನೀನಿನ್ನೂ ಎಚ್-1ಬಿ ವೀಸಾದಲ್ಲಿರುವವನು. ಅಂಥವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಒಕ್ಕೂಟ ಕಾನೂನು ನಿಷೇಧಿಸುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದರೆ ಮಾತ್ರ ವಿನಾಯಿತಿ. ಅಂಗಡಿಯವರು ಅದನ್ನು ನೋಡಿಯೇ ರೈಫಲ್ ಕೊಟ್ಟಿರುತ್ತಾರೆ, ಸರಿ. ಆದರೆ ಪರವಾನಗಿಯ ಅವಧಿ ಮುಗಿದರೆ ವಿನಾಯಿತಿಯೂ ಮುಗಿದಂತೆ, ಕಪಾಟಿನಲ್ಲಿರುವ ರೈಫಲ್ಲೇ ಅಪರಾಧವಾಗುತ್ತದೆ. ಕಯೋಟಿಗೆ ಕಾನ್ಸಾಸ್‌ನಲ್ಲಿ ವರ್ಷವಿಡೀ ಬೇಟೆಗೆ ಅವಕಾಶವಿದೆ ಎಂದು ಯಾರಾದರೂ ಹೇಳಿದರೆ ಅದು ನಿಜ. ಅದನ್ನು ನಂಬಿಕೊಂಡು ನವೀಕರಣ ಮರೆಯಬೇಡ. ಹಸಿರು ಕಾರ್ಡು ಕೈಗೆ ಬರುವವರೆಗೆ ಆ ದಿನಾಂಕವನ್ನು ಮೊಬೈಲಿನಲ್ಲಿ ಬರೆದಿಟ್ಟುಕೋ.

ಇನ್ನು ಗುಂಡಿಗೆ ಬರೋಣ. ಗುಂಡಿನ ತೂಕವನ್ನು ಇಲ್ಲಿ ಗ್ರೇನಿನಲ್ಲಿ ಹೇಳುತ್ತಾರೆ. ಏಳು ಸಾವಿರ ಗ್ರೇನಿಗೆ ಒಂದು ಪೌಂಡು. ನಿನ್ನ 55 ಗ್ರೇನಿನ ಗುಂಡು ಮೂರೂವರೆ ಗ್ರಾಮಿಗಿಂತ ಚೂರು ಹೆಚ್ಚು, ಅಷ್ಟೇ. ಊರಿನಲ್ಲಿ ನಿನ್ನ ಅಜ್ಜನಿಗೆ ಈ ಲೆಕ್ಕವೇ ಇರಲಿಲ್ಲ. 1972ರ ವನ್ಯಜೀವಿ ಕಾಯ್ದೆಗೆ ಮುಂಚಿನ ಕಾಲ ಅದು. ಗದ್ದೆಗೆ ನುಗ್ಗುವ ಹಂದಿಗೆ ತೋಟಾ ಕೋವಿ, ದೂರ ಹೆಚ್ಚೆಂದರೆ ಮೂವತ್ತು ಹೆಜ್ಜೆ. ಚರೆ ಹಾಕುವುದೋ ಒಂಟಿ ಗುಂಡು ಹಾಕುವುದೋ ಎಂಬುದೊಂದೇ ಪ್ರಶ್ನೆ. ಅಲ್ಲಿನ ಈಡುಗಾರಿಕೆಯ ಕಥೆಗಳನ್ನು ಕೇಳಿ ಬೆಳೆದ ನಾವು ‘ಭಾರದ ಗುಂಡು ಅಂದರೆ ಗಟ್ಟಿ ಏಟು’ ಎಂದುಕೊಂಡುಬಿಡುತ್ತೇವೆ. ನೀನು 77ರ ಪೆಟ್ಟಿಗೆ ಕೊಂಡದ್ದು ಅದೇ ಲೆಕ್ಕಾಚಾರದಿಂದ ಎಂದು ನನ್ನ ಊಹೆ. ಇಲ್ಲಿನ ಬಯಲಿನಲ್ಲಿ ಕಯೋಟಿ ನೂರು ಗಜದಲ್ಲಿ ನಿಂತರೆ ಅದೃಷ್ಟ. ಇನ್ನೂರು, ಇನ್ನೂರೈವತ್ತು ಗಜ ಎಂದರೆ ಮಾಮೂಲು.

ಹಾಗಾಗಿ ಮೊದಲು ನಿನ್ನ ನಳಿಗೆಯನ್ನು ಕೇಳು. ಅದರ ಒಳಗೆ ಸುರುಳಿ ಗೆರೆಗಳು ಕೊರೆದಿರುತ್ತವಲ್ಲ, ಎಷ್ಟು ಅಂಗುಲಕ್ಕೆ ಒಂದು ಪೂರ್ತಿ ಸುತ್ತು ಬರುತ್ತದೆ ಎನ್ನುವುದೇ ಟ್ವಿಸ್ಟ್. ಗುಂಡಿಗೆ ತಿರುಗುವ ವೇಗ ಸಿಗುವುದು ಅಲ್ಲಿಂದ. ಬುಗುರಿಗೆ ಸಾಕಷ್ಟು ದಾರದ ಬಿಗಿ ಸಿಗದಿದ್ದರೆ ತೂರಾಡುವ ಹಾಗೆ, ತಿರುಗು ಸಾಲದ ಗುಂಡು ಗಾಳಿಯಲ್ಲಿ ತಲೆ ಅಲ್ಲಾಡಿಸಿ ಅಡ್ಡಬೀಳುತ್ತದೆ. ಗಮನಿಸು, ಇಲ್ಲಿ ಮುಖ್ಯವಾಗುವುದು ಉದ್ದ, ತೂಕವಲ್ಲ. ಇಂಗ್ಲೆಂಡಿನ ಗಣಿತಜ್ಞ ಗ್ರೀನ್‌ಹಿಲ್ 1879ರಲ್ಲೇ ಇದಕ್ಕೊಂದು ಸೂತ್ರ ಕೊಟ್ಟಿದ್ದ. ಅದರಲ್ಲಿ ಬರುವುದು ಗುಂಡಿನ ವ್ಯಾಸ ಮತ್ತು ಉದ್ದ. ಒಂದೇ ವ್ಯಾಸದಲ್ಲಿ ತೂಕ ಹೆಚ್ಚಿಸಬೇಕೆಂದರೆ ಉದ್ದ ಮಾಡದೆ ಬೇರೆ ದಾರಿಯಿಲ್ಲ. ಆದ್ದರಿಂದ ಜನ ವಾಡಿಕೆಯಲ್ಲಿ ತೂಕ ಎಂದು ಹೇಳುತ್ತಾರೆ.

ನಿನ್ನ .223 (ತೋಟಾದ ಅಳತೆಯ ಹೆಸರು) ರೈಫಲಿನ ನಳಿಗೆಯ ಮೇಲೆ 1:9, ಅಂದರೆ ಒಂಬತ್ತು ಅಂಗುಲಕ್ಕೆ ಒಂದು ಸುತ್ತು, ಎಂದು ಕೊರೆದಿರುವುದು ಫೋಟೋದಲ್ಲಿ ಕಂಡಂತಾಯಿತು. ನನ್ನ ಕಣ್ಣನ್ನು ನಂಬಬೇಡ, ನೀನೇ ಅಳೆ. ರೈಫಲ್ ಖಾಲಿ ಇದೆಯೆಂದು ಎರಡೆರಡು ಸಲ ನೋಡಿಕೊಂಡು, ಸಲಾಕೆಯ ತುದಿಗೆ ಬಿಗಿಯಾಗಿ ಬಟ್ಟೆ ಸುತ್ತಿ ನಳಿಗೆಯೊಳಗೆ ತಳ್ಳು. ಸಲಾಕೆಯ ಹಿಡಿ ತಾನಾಗಿ ತಿರುಗುವಂಥದ್ದಾಗಿರಬೇಕು, ಇಲ್ಲದಿದ್ದರೆ ಬಟ್ಟೆ ಗೆರೆಯನ್ನು ಬಿಟ್ಟು ಜಾರುತ್ತದೆ. ಸಲಾಕೆಯ ಮೇಲ್ಭಾಗದಲ್ಲಿ ಪೆನ್ನಿನಿಂದ ಒಂದು ಗುರುತು ಹಾಕಿ, ಅದು ಒಂದು ಸುತ್ತು ಬಂದು ಮತ್ತೆ ಮೇಲೆ ಕಾಣುವವರೆಗೆ ಎಷ್ಟು ಅಂಗುಲ ಒಳಗೆ ಹೋಯಿತೆಂದು ನೋಡು. ಒಂಬತ್ತು ಬಂದರೆ 40ರಿಂದ ಸುಮಾರು 69 ಗ್ರೇನಿನವರೆಗೆ ನಿಶ್ಚಿಂತೆ. 77ರ ಮ್ಯಾಚ್ ಗುಂಡು, ಅಂದರೆ ಗುರಿಪಂದ್ಯಕ್ಕೆಂದು ಮಾಡಿದ್ದು, ಕೇಳುವುದು ಎಂಟು ಅಂಗುಲ ಅಥವಾ ಅದಕ್ಕಿಂತ ಬಿಗಿಯಾದ ಸುತ್ತನ್ನು. ನಿನ್ನದರಲ್ಲಿ ಬೇಸಿಗೆಯ ಮಧ್ಯಾಹ್ನ ಅದು ನೆಟ್ಟಗೆ ಹೋದೀತು. ಫೆಬ್ರವರಿಯ ಮುಂಜಾನೆ, ಗಾಳಿ ತಣ್ಣಗೆ ದಟ್ಟವಾಗಿರುವಾಗ, ಹೋಗದೆಯೂ ಇದ್ದೀತು. ಗುರಿಹಲಗೆಯ ಕಾಗದದಲ್ಲಿ ದುಂಡು ತೂತಿನ ಬದಲು ಬೀಗದ ಕಿಂಡಿಯಂತೆ ಉದ್ದನೆಯ ಹರಕು ಕಂಡರೆ ಗುಂಡು ಅಡ್ಡವಾಗಿ ಹೋಗಿದೆ ಎಂದು ತಿಳಿ.

ಈ ಟ್ವಿಸ್ಟಿನ ಲೆಕ್ಕ ತಪ್ಪಿ ದೊಡ್ಡ ಕಂಪನಿಯೇ ಪೆಟ್ಟು ತಿಂದದ್ದಿದೆ. 1955ರಲ್ಲಿ ಎರಡು ತೋಟಾಗಳು ಒಟ್ಟಿಗೆ ಪೇಟೆಗೆ ಬಂದವು, .243 ವಿಂಚೆಸ್ಟರ್ ಮತ್ತು .244 ರೆಮಿಂಗ್ಟನ್. ಗುಂಡಿನ ವ್ಯಾಸ ಎರಡಕ್ಕೂ ಒಂದೇ. ರೆಮಿಂಗ್ಟನ್‌ನವರು ಇದನ್ನು ಸಣ್ಣ ಪ್ರಾಣಿಗಳ ರೈಫಲ್ ಎಂದು ಭಾವಿಸಿ, 75ರಿಂದ 90 ಗ್ರೇನಿಗೆ ಸಾಕೆಂದು 12 ಅಂಗುಲದ ಸಡಿಲ ಸುತ್ತು ಕೊಟ್ಟರು. ವಿಂಚೆಸ್ಟರ್ 10 ಅಂಗುಲ ಕೊಟ್ಟಿತು. ಅದರಲ್ಲಿ 100 ಗ್ರೇನಿನ ಗುಂಡೂ ನಡೆಯುತ್ತಿತ್ತು. ಚಳಿಗಾಲದಲ್ಲಿ ಕಯೋಟಿಗೂ, ಋತು ಬಂದಾಗ ಜಿಂಕೆಗೂ ಒಂದೇ ರೈಫಲ್ ಸಾಕೆನ್ನುವ ರೈತ ಯಾವುದನ್ನು ಕೊಂಡಾನು? 1963ರಲ್ಲಿ ರೆಮಿಂಗ್ಟನ್ ಸುತ್ತನ್ನು 9 ಅಂಗುಲಕ್ಕೆ ಬಿಗಿ ಮಾಡಿ, 6 ಎಂಎಂ ರೆಮಿಂಗ್ಟನ್ ಎಂದು ಹೊಸ ಹೆಸರಿಟ್ಟು ಮತ್ತೆ ಬಿಟ್ಟಿತು. ಅಷ್ಟರಲ್ಲಿ ಮಾರುಕಟ್ಟೆ .243ರ ಕೈಯಲ್ಲಿತ್ತು, ಇಂದಿಗೂ ಇದೆ. ತೋಟಾದಲ್ಲಿ ದೋಷವೇನೂ ಇರಲಿಲ್ಲ ಎನ್ನುವುದೇ ನನಗೆ ಈ ಕಥೆಯಲ್ಲಿ ಸೇರುವ ಭಾಗ.

77ನ್ನು ಬದಿಗಿಡಲು ಇನ್ನೊಂದು ಕಾರಣವೂ ಇದೆ. ಮ್ಯಾಚ್ ಗುಂಡು ಕಾಗದಕ್ಕೆ ಮಾಡಿದ್ದು. ಅದರ ಮೂಗಿನಲ್ಲಿರುವ ತೂತು ತಯಾರಿಕೆಯ ಅನುಕೂಲಕ್ಕೆ ಇರುವುದೇ ಹೊರತು ಅರಳಲಿ ಎಂದಲ್ಲ. ಹತ್ತು ಹದಿನೈದು ಕಿಲೋ ತೂಗುವ ಕಯೋಟಿಯ ಪಕ್ಕೆಯಲ್ಲಿ ಅದು ಕೆಲವೊಮ್ಮೆ ಅರಳುವ ಮೊದಲೇ ಆಚೆ ಹೋಗಿರುತ್ತದೆ. ಪ್ರಾಣಿ ಓಡುತ್ತದೆ, ನೀನು ತಪ್ಪಿತು ಎಂದುಕೊಂಡು ಮನೆಗೆ ಬರುತ್ತೀಯೆ, ಅದು ಯಾವುದೋ ಕೊರಕಲಿನಲ್ಲಿ ಎರಡು ದಿನ ನರಳುತ್ತದೆ. ದನದ ಡಾಕ್ಟರಾಗಿ ಬದುಕಿದವನಿಗೆ ಇದು ಸೇರುವುದಿಲ್ಲ.

ಹಾಗೆಂದು 40ಕ್ಕೆ ಹಾರಬೇಡ. ಅದರ ಪೆಟ್ಟಿಗೆಯ ಮೇಲೆ ಸೆಕೆಂಡಿಗೆ 3,600 ಅಡಿಗೂ ಮಿಕ್ಕಿದ ವೇಗ ಬರೆದಿರುತ್ತದೆ, ಓದಿದರೆ ರೋಮಾಂಚನವಾಗುತ್ತದೆ. (ಆ ವೇಗ ಸಾಮಾನ್ಯವಾಗಿ 24 ಅಂಗುಲದ ಪರೀಕ್ಷಾ ನಳಿಗೆಯದು. ನಿನ್ನ 20 ಅಂಗುಲದ ನಳಿಗೆ ಅಷ್ಟು ಕೊಡುವುದಿಲ್ಲ.) ಪ್ಲಾಸ್ಟಿಕ್ ಮೊನೆಯ, ತೆಳು ತಾಮ್ರದ ಹೊದಿಕೆಯ ಆ ಗುಂಡು ಮುಟ್ಟಿದಲ್ಲೇ ಸಿಡಿಯಲೆಂದು ಹುಟ್ಟಿದ್ದು. ಬಿಲದಲ್ಲಿ ಬದುಕುವ, ಅಳಿಲಿನ ಜಾತಿಯ, ಒಂದು ಕಿಲೋ ತೂಗುವ ಪ್ರೇರಿ ಡಾಗ್‌ಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಕಯೋಟಿ ಓರೆಯಾಗಿ ನಿಂತು, ಗುಂಡು ಹೆಗಲ ಮೂಳೆಗೆ ಬಿದ್ದರೆ, ಮೂಳೆಯ ಮೇಲೇ ಒಡೆದು ಅಂಗೈಯಗಲದ ಗಾಯ ಮಾಡಿ ನಿಂತುಬಿಡಬಹುದು. ಹಿಂದಿರುವ ಶ್ವಾಸಕೋಶಕ್ಕೆ ಏನೂ ತಲುಪಿರುವುದಿಲ್ಲ. 55ರಲ್ಲೂ ಸಿಡಿಯುವ ಗುಂಡುಗಳೇ ಇವೆ, ಆದರೆ ಒಳಹೊಕ್ಕು ಸಿಡಿಯುವಷ್ಟು ಮೈ ಅದಕ್ಕಿರುತ್ತದೆ. ಕಯೋಟಿಗೆ ನಾನು ಹೇಳುವುದು ಅದನ್ನೇ. ಸೆಕೆಂಡಿಗೆ 3,240 ಅಡಿ ಎಂದು ಬರೆದಿರುವ 55 ಗ್ರೇನಿನ ಗುಂಡು 9 ಅಂಗುಲದ ಸುತ್ತಿನಿಂದ ಹೊರಟಾಗ ನಿಮಿಷಕ್ಕೆ 2,59,200 ಸುತ್ತು ತಿರುಗುತ್ತಿರುತ್ತದೆ. ಅದಕ್ಕೆ ಸಿಡಿಯಲು ಇನ್ನೇನು ಬೇಕು?

ತೂಕವೊಂದೇ ಎಲ್ಲವೂ ಅಲ್ಲ ಎಂಬುದಕ್ಕೆ ಒಂದು ಉದಾಹರಣೆ ನಿನ್ನ ಅಂಗಡಿಯಲ್ಲೇ ಇದೆ. ಹಾರ್ನಡಿ ಕಂಪನಿಯವರ ವಿ-ಮ್ಯಾಕ್ಸ್ ಗುಂಡುಗಳಲ್ಲಿ 55 ಗ್ರೇನಿನದರ ಗಾಳಿ ಸೀಳುವ ಅಂಕಿ (ಹೆಚ್ಚಿದ್ದಷ್ಟೂ ಒಳ್ಳೆಯದು) .255. ಅದಕ್ಕಿಂತ ಎರಡು ಗ್ರೇನ್ ಹಗುರವಾದ 53ರದ್ದು .290. ಮೂಗು ಉದ್ದ, ಹಿಂಭಾಗ ನಯವಾಗಿ ಕಿರಿದು, ಅಷ್ಟೇ ಗುಟ್ಟು. ಹಗುರವಾದದ್ದೇ ಗಾಳಿಗೆ ಕಡಿಮೆ ಸರಿಯುತ್ತದೆ. ಆದ್ದರಿಂದ 55 ಮುಗಿದ ಮೇಲೆ 53ರ ಒಂದು ಪೆಟ್ಟಿಗೆ ತಂದು ನೋಡು. ನಿನ್ನ ರೈಫಲ್ ಒಪ್ಪಿದರೆ ಅದನ್ನೇ ಕಾಯಂ ಮಾಡಿಕೋ. ಎರಡನ್ನೂ ಒಂದೇ ಜೇಬಿನಲ್ಲಿ ಮಾತ್ರ ಹಾಕಬೇಡ. ತೂಕ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ, ಕೆಲವು ರೈಫಲ್‌ಗಳಲ್ಲಿ ನೂರು ಗಜದಲ್ಲೇ ಎರಡು ಮೂರು ಅಂಗುಲ.

ಗಾಳಿಯ ಬಗ್ಗೆ ಕಾನ್ಸಾಸ್‌ನಲ್ಲಿರುವವನಿಗೆ ಹೇಳಬೇಕಾಗಿಲ್ಲ. ಆದರೂ ಕೇಳು: ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ 55 ಗ್ರೇನಿನ ಗುಂಡನ್ನು ಮುನ್ನೂರು ಗಜದಲ್ಲಿ ಒಂದಡಿಗೂ ಹೆಚ್ಚು ಸರಿಸುತ್ತದೆ. ಇನ್ನೂರು ಗಜಕ್ಕೆ ಗುರಿ ಹೊಂದಿಸಿದ್ದರೆ, ಅದೇ ಮುನ್ನೂರಕ್ಕೆ ಏಳೆಂಟು ಅಂಗುಲ ಕೆಳಗೆ ಬೀಳುತ್ತದೆ. ಕಯೋಟಿಯ ಎದೆಯಲ್ಲಿ ನಿನಗೆ ಸಿಗುವ ಜಾಗ ಐದಾರು ಅಂಗುಲ. ಚಳಿಗಾಲದ ತುಪ್ಪಳ ಅದನ್ನು ದೊಡ್ಡದಾಗಿ ತೋರಿಸುತ್ತದೆ, ಮೋಸಹೋಗಬೇಡ. ಈ ವರ್ಷ ಇನ್ನೂರು ಗಜ ದಾಟಿದ್ದನ್ನು ಬಿಟ್ಟುಬಿಡು.

ಇನ್ನೊಂದು ಮಾತು ಆ ನೆಲಕ್ಕೆ ಸಂಬಂಧಿಸಿದ್ದು. ಫ್ಲಿಂಟ್ ಹಿಲ್ಸ್ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ, ಹುಲ್ಲಿನ ಕೆಳಗೆ ಒಂದು ಗೇಣಿಗೆ ಕಲ್ಲು ಸಿಗುತ್ತದೆ. ನೇಗಿಲು ಹೂಡಲಾಗದೆ ಉಳಿದ ಹುಲ್ಲುಗಾವಲು ಅದು. ಪೂರ್ತಿ ತಾಮ್ರ ಹೊದಿಸಿದ ಅಗ್ಗದ ಅಭ್ಯಾಸದ ಗುಂಡನ್ನಾಗಲಿ, ಹಸಿರು ಮೊನೆಯ 62 ಗ್ರೇನಿನ ಸೇನೆಯ ಗುಂಡನ್ನಾಗಲಿ ಅಲ್ಲಿಗೆ ಒಯ್ಯಬೇಡ. ಅವು ಕಲ್ಲಿಗೆ ಬಡಿದು ಚಿಮ್ಮಿ ಎಲ್ಲಿಗೆ ಹೋಗುತ್ತವೆಂದು ದೇವರಿಗೇ ಗೊತ್ತು, ದನಗಳೂ ಅಲ್ಲೇ ಮೇಯುತ್ತಿರುತ್ತವೆ. ತೆಳು ಹೊದಿಕೆಯ ಗುಂಡು ಕಲ್ಲು ಮುಟ್ಟಿದರೆ ಬಹುಮಟ್ಟಿಗೆ ಪುಡಿಯಾಗುತ್ತದೆ. ಹಾಗೆಂದು ಹಿಂದೆ ದಿಣ್ಣೆಯಿಲ್ಲದೆ, ಕಯೋಟಿ ಬೆಟ್ಟದ ನೆತ್ತಿಯಲ್ಲಿ ಆಕಾಶಕ್ಕೆ ಎದುರಾಗಿ ನಿಂತಿರುವಾಗ ಯಾವ ಗುಂಡನ್ನೂ ಹಾರಿಸಬೇಡ. ಹಸಿರು ಮೊನೆಯದಕ್ಕೆ ಇನ್ನೊಂದು ತೊಡಕಿದೆ: ಅದು 5.56ರ, ಅಂದರೆ ನೋಡಲು .223ಯಂತೆಯೇ ಇರುವ ಸೇನೆಯ ತೋಟಾ. ನಳಿಗೆಯ ಮೇಲೆ .223 ಎಂದಷ್ಟೇ ಬರೆದಿದ್ದರೆ 5.56 ಹಾಕಬಾರದು, ಒತ್ತಡ ಮಿತಿ ಮೀರಬಹುದು.

ಚರ್ಮದ ಬಗ್ಗೆ ಕೇಳಿದ್ದೀಯೆ. ತುಪ್ಪಳ ಮಾರುವವರು ಗುಂಡು ಒಳಗೇ ಮುಗಿಯಲಿ, ಹೊರಬರುವ ತೂತು ಬೇಡ ಎಂದು ಹಗುರದ್ದನ್ನು ಬಯಸುತ್ತಾರೆ. ಅದರಲ್ಲಿ ನ್ಯಾಯವಿದೆ, ಆದರೆ ಅದು ಎದೆಯ ಮಧ್ಯಕ್ಕೇ ಹೊಡೆಯಬಲ್ಲವರ ಮಾತು. ಅಲ್ಲದೆ ಕೆನಡಾ ಗೂಸ್ ಕಂಪನಿ ತನ್ನ ಕೋಟುಗಳಿಗೆ ತುಪ್ಪಳ ಬಳಸುವುದನ್ನು ನಿಲ್ಲಿಸುವುದಾಗಿ 2021ರಲ್ಲಿ ಸಾರಿದ ಮೇಲೆ ಆ ವ್ಯಾಪಾರವೇ ಸೊರಗಿದೆ. ಒಂದು ಹೊಲಿಗೆ ಹೆಚ್ಚಾದರೆ ನಿನಗೇನೂ ನಷ್ಟವಿಲ್ಲ.

ಬೇಸಿಗೆಯಲ್ಲಿ ನನ್ನ ಕಡೆಗೆ ಬಂದಾಗ ಪ್ರೇರಿ ಡಾಗ್‌ಗೆ ಆ 40ರ ಪೆಟ್ಟಿಗೆಯನ್ನು ಬಳಸೋಣ, ಆದರೆ ಹೊಡೆದದ್ದನ್ನು ಬಯಲಿನಲ್ಲಿ ಬಿಟ್ಟು ಬರುವ ಇಲ್ಲಿನ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಸಿಡಿದ ಗುಂಡಿನ ಸೀಸದ ಚೂರುಗಳು ಮಾಂಸದಲ್ಲಿ ಉಳಿಯುತ್ತವೆ. ಅದನ್ನು ತಿನ್ನುವ ಹದ್ದು, ಗಿಡುಗಗಳಿಗೆ ಅದು ವಿಷ. ಕ್ಯಾಲಿಫೋರ್ನಿಯಾ ಇದೇ ಕಾರಣಕ್ಕೆ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನು ರಾಜ್ಯದಾದ್ಯಂತ ನಿಷೇಧಿಸಿತು. ಅಲ್ಲಿರುವ ನಿನ್ನ ಗೆಳೆಯ ಕರೆದರೆ ತಾಮ್ರದ ಗುಂಡೇ ಗತಿ. ಅಲ್ಲಿ ಮತ್ತೆ ಟ್ವಿಸ್ಟಿನ ಲೆಕ್ಕ ಬರುತ್ತದೆ. ತಾಮ್ರ ಸೀಸಕ್ಕಿಂತ ಹಗುರವಾದ್ದರಿಂದ ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಆದ್ದರಿಂದ ತಾಮ್ರದಲ್ಲಿ ಒಂದು ಮೆಟ್ಟಿಲು ಹಗುರದ್ದನ್ನೇ ಆರಿಸು.

ಈಗ ಮಾಡಬೇಕಾದದ್ದು ಇಷ್ಟು. 77ರ ಪೆಟ್ಟಿಗೆ ತೆರೆದಿಲ್ಲವಾದರೆ ಯಾರಾದರೂ ಗುರಿಪಂದ್ಯದವರಿಗೆ ಕೊಟ್ಟುಬಿಡು. 55ರಲ್ಲಿ ಒಂದೇ ತಯಾರಕರ, ಒಂದೇ ಬಗೆಯ ಐದಾರು ಪೆಟ್ಟಿಗೆ ತಂದು, ಶನಿವಾರಗಳಲ್ಲಿ ನೂರು ಗಜ, ಇನ್ನೂರು ಗಜಕ್ಕೆ ಹೊಡೆ. ಬೆಂಚಿನ ಮೇಲೆ ಕುಳಿತು ಮಾತ್ರವಲ್ಲ, ನೆಲದಲ್ಲಿ ಕುಳಿತು, ಮೊಣಕಾಲಿಗೆ ಮೊಣಕೈ ಊರಿ ಕೂಡ. ಕಾಗದಗಳ ಮೇಲೆ ದಿನಾಂಕ, ಗಾಳಿಯ ದಿಕ್ಕು ಬರೆದಿಟ್ಟು ನನಗೆ ಫೋಟೋ ಕಳಿಸು.

ಸಾಕಣೆಗಾರರ ಮನೆಯ ನಾಯಿಗಳು ಯಾವ ಬಣ್ಣದವು ಎಂದು ಮೊದಲೇ ಕೇಳಿಟ್ಟುಕೋ. ಮುಂಜಾವಿನ ಮಬ್ಬಿನಲ್ಲಿ ಬೂದು ನಾಯಿಯೂ ಕಯೋಟಿಯೂ ಒಂದೇ.

ಅಕ್ಕನಿಗೆ ರೈಫಲಿನ ಸುದ್ದಿಯನ್ನು ನೀನೇ ತಿಳಿಸು. ನನ್ನ ಬಾಯಿಂದ ಕೇಳಿದರೆ ನಿನ್ನನ್ನು ಕೆಡಿಸಿದ್ದು ನಾನೇ ಎಂದು ಮುಂದಿನ ಯುಗಾದಿಯವರೆಗೂ ಬೈಯುತ್ತಾಳೆ. ಅತ್ತೆ ನಿನ್ನನ್ನು ಕೇಳಿದಳೆಂದು ಹೇಳಲು ಹೇಳಿದ್ದಾಳೆ.

ಇಂತಿ ನಿನ್ನ
ಮಾವ